ಸಣ್ಣ ಮೈಕಟ್ಟಿನ ಹುಡುಗ ಅಮೆರಿಕನ್ ಫುಟ್ಬಾಲ್ ಆಡಬೇಕೆಂದಾಗ

ಅಮೆರಿಕದ ಹೈಸ್ಕೂಲಿನಲ್ಲಿ ಓದುತ್ತಿರುವ ಮಗ ಫುಟ್ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡು ಹಿಡಿದು ಓಡುತ್ತ ಮೈಗೆ ಮೈ ಡಿಕ್ಕಿ ಹೊಡೆಯುವ ಆಟ) ತಂಡ ಸೇರುತ್ತೇನೆಂದು ಹಟ ಹಿಡಿದರೆ, ಮೈಕಟ್ಟು ಸಣ್ಣದೆಂಬ ಒಂದೇ ಕಾರಣಕ್ಕೆ ಬೇಡವೆನ್ನುವ ಮೊದಲು ಆ ಆಟದಲ್ಲಿ ತೂಕಕ್ಕೆ ಎಲ್ಲಿ ಮಿತಿಯಿದೆ, ಎಲ್ಲಿ ಇಲ್ಲ ಎಂಬುದನ್ನು ತಿಳಿದುಕೊಳ್ಳಿ. ಎಳೆಯರ ಪಾಪ್ ವಾರ್ನರ್ ಲೀಗ್‌ನಲ್ಲಿ ವಯಸ್ಸಿನೊಂದಿಗೆ ತೂಕವನ್ನೂ ನೋಡಿ ಗುಂಪು ಮಾಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಹೈಸ್ಕೂಲಿನಲ್ಲಿ ಸಾಮಾನ್ಯವಾಗಿ ಅಂಥ ರಕ್ಷಣೆ ಇರುವುದಿಲ್ಲ; 60 ಕಿಲೋ ಹುಡುಗನ ಎದುರು 110 ಕಿಲೋದವನು ನಿಲ್ಲಬಹುದು.

ಆದ್ದರಿಂದ ಮೊದಲ ವರ್ಷ ಅವನು ಫ್ರೆಶ್‌ಮನ್ (9ನೇ ತರಗತಿಯವರ) ಅಥವಾ ಜೂನಿಯರ್ ವಾರ್ಸಿಟಿ (ಶಾಲೆಯ ಮುಖ್ಯ ತಂಡದ ಕೆಳಗಿನ) ತಂಡದಲ್ಲೇ ಆಡಲಿ. ಭಾರವೇ ಬಂಡವಾಳವಾಗಿರುವ, ಎದುರಾಳಿಯನ್ನು ಮುಂದೆ ನಿಂತು ತಳ್ಳುವ ಲೈನ್‌ಮನ್ ಜಾಗಕ್ಕಿಂತ, ಓಟ ಮತ್ತು ಚುರುಕುತನ ಬೇಡುವ ಕಾರ್ನರ್‌ಬ್ಯಾಕ್ (ಎದುರಾಳಿ ರಿಸೀವರ್‌ನನ್ನು ಕಾಯುವವನು), ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಸ್ಥಾನಗಳನ್ನೋ ಚೆಂಡು ಒದೆಯುವ ಕಿಕ್ಕರ್ ಕೆಲಸವನ್ನೋ ಕೋಚ್ ಬಳಿ ಕೇಳಿಕೊಳ್ಳುವುದು ಮೇಲು. ತಲೆ ಎತ್ತಿಕೊಂಡು, ಭುಜ ಕೊಟ್ಟು ಟ್ಯಾಕಲ್ ಮಾಡುವುದನ್ನು (ಚೆಂಡು ಹಿಡಿದವನನ್ನು ಹಿಡಿದು ಕೆಡವುವುದನ್ನು) ಅವನು ಕಲಿಯದೆ ಪಂದ್ಯಕ್ಕೆ ಇಳಿಯಬಾರದು. ತಲೆಗೆ ಪೆಟ್ಟು ಬಿದ್ದ ಅನುಮಾನವಿದ್ದರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು. ವೈದ್ಯರು ಒಪ್ಪುವವರೆಗೆ ಮರಳಿ ಕಳಿಸಬೇಡಿ.

ಹೈಸ್ಕೂಲಿನ ನಂತರ ಸ್ಪ್ರಿಂಟ್ ಫುಟ್ಬಾಲ್ ಎಂಬ ದಾರಿಯೊಂದಿದೆ, ಅದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲವೆಂಬುದು ನನಗೆ ಬೇಸರದ ಸಂಗತಿ. ನಿಯಮ, ಮೈದಾನ, 11 ಆಟಗಾರರು ಎಲ್ಲವೂ ಕಾಲೇಜು ಫುಟ್ಬಾಲಿನವೇ ಆದರೂ ಆಟಗಾರನ ತೂಕ 178 ಪೌಂಡ್, ಅಂದರೆ ಸುಮಾರು 81 ಕಿಲೋ ಮೀರುವಂತಿಲ್ಲ. 1934ರಲ್ಲಿ ಇದರ ಲೀಗ್ ಶುರುವಾದಾಗ ಮಿತಿ 150 ಪೌಂಡ್ ಇತ್ತು. ಕಾರ್ನೆಲ್, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳು ಮತ್ತು ಅಮೆರಿಕದ ಸೇನೆ, ನೌಕಾಪಡೆಗಳ ಅಕಾಡೆಮಿಗಳು ಇದನ್ನು ಆಡುತ್ತ ಬಂದಿವೆ. 2022ರಲ್ಲಿ ಮಿಡ್‌ವೆಸ್ಟ್‌ನಲ್ಲಿ (ಅಮೆರಿಕದ ಉತ್ತರ ಮಧ್ಯಭಾಗದಲ್ಲಿ) ಇನ್ನೊಂದು ಲೀಗ್ ಆರಂಭವಾಯಿತು.

ಮಿತಿಯಿದ್ದಲ್ಲಿ ಉಪವಾಸ ಬಿದ್ದು, ನೀರು ಬಿಟ್ಟು ತೂಕ ಇಳಿಸುವ ಆಸೆಯೂ ಹುಟ್ಟುತ್ತದೆ. ಅದನ್ನು ತಡೆಯಲೆಂದೇ ಸ್ಪ್ರಿಂಟ್ ಫುಟ್ಬಾಲ್‌ನಲ್ಲಿ ದೇಹದ ಕೊಬ್ಬು ಕನಿಷ್ಠ 5% ಇರಬೇಕೆಂಬ ನಿಯಮವಿದೆ. ಹೈಸ್ಕೂಲ್ ಕುಸ್ತಿಯಲ್ಲಿ ಹುಡುಗರಿಗೆ ಇದು 7%, ಜೊತೆಗೆ ಮೈಯಲ್ಲಿ ಸಾಕಷ್ಟು ನೀರಿದೆಯೇ ಎಂದು ಮೂತ್ರ ಪರೀಕ್ಷೆಯನ್ನೂ ಮಾಡುತ್ತಾರೆ. ಮನೆಯಲ್ಲಿ ನೀವು ಅಭ್ಯಾಸಕ್ಕೆ ಮೊದಲು ಮತ್ತು ಅಭ್ಯಾಸ ಮುಗಿದ ಮೇಲೆ ಅವನ ತೂಕ ನೋಡಿ ಬರೆದಿಡಿ. ಎರಡು ಗಂಟೆಯಲ್ಲಿ ಇಳಿದದ್ದು ಬಹುತೇಕ ನೀರೇ ಹೊರತು ಕೊಬ್ಬಲ್ಲ. ಮರುದಿನದ ಅಭ್ಯಾಸದೊಳಗೆ ಅದು ತುಂಬಿಕೊಳ್ಳದಿದ್ದರೆ, ಅದರಲ್ಲೂ ಆಗಸ್ಟ್ ಬಿಸಿಲಿನಲ್ಲಿ, ಅವನನ್ನು ಮೈದಾನಕ್ಕೆ ಕಳಿಸಬೇಡಿ. ಬೆಳೆಯುವ ವಯಸ್ಸಿನಲ್ಲಿ ಅನ್ನ, ಬೇಳೆ, ಮೊಸರು, ಮೊಟ್ಟೆ ಹೊಟ್ಟೆತುಂಬ ತಿಂದು, ಕೋಚ್ ಕಣ್ಣೆದುರು ವ್ಯಾಯಾಮ ಮಾಡಿ ನಿಧಾನವಾಗಿ ಬಲ ಕೂಡಿಸಿಕೊಳ್ಳುವುದೇ ಸರಿ.

ಕಾಲೇಜಿನಲ್ಲಿ ಆಡುವ ಮನಸ್ಸಿದ್ದರೆ 11ನೇ ತರಗತಿಯಲ್ಲೇ ಪಂದ್ಯದ ವಿಡಿಯೊ, ಅಂಕಪಟ್ಟಿ, ನಿಜವಾದ ಎತ್ತರ ಮತ್ತು ತೂಕವನ್ನು ಸ್ಪ್ರಿಂಟ್ ತಂಡಗಳ ಕೋಚ್‌ಗಳಿಗೆ ಕಳಿಸಿ. ಕಾರ್ನೆಲ್, ಪೆನ್ಸಿಲ್ವೇನಿಯಾಗಳಂಥ ಐವಿ ಲೀಗ್ (ಈಶಾನ್ಯ ಅಮೆರಿಕದ ಎಂಟು ಹೆಸರಾಂತ ವಿಶ್ವವಿದ್ಯಾಲಯಗಳ ಗುಂಪು) ಸಂಸ್ಥೆಗಳು ಕ್ರೀಡೆಗೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ. ಸೇನೆ ಮತ್ತು ನೌಕಾಪಡೆಯ ಅಕಾಡೆಮಿಗಳಿಗೆ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು. ವೀಸಾದ ಮೇಲಿರುವ ಕುಟುಂಬಗಳು ಪಟ್ಟಿ ಮಾಡುವಾಗಲೇ ಇದನ್ನು ನೋಡಿಕೊಳ್ಳಬೇಕು.