ಅರಿಶಿನ ಕೆಂಪಾಗುವುದೇಕೆ? ಅಡುಗೆಮನೆಯಲ್ಲೇ ಪರೀಕ್ಷಿಸಿ

ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ‘ಜ್ವಾಲಾಮುಖಿ’ ಉಕ್ಕಿಸುವುದು ಮಕ್ಕಳಿಗೆ ಖುಷಿಯೇನೋ ಸರಿ. ನೊರೆ ಇಳಿದರೆ ಅಲ್ಲಿಗೆ ಮುಗಿಯಿತು. ಅರಿಶಿನದ ಪ್ರಯೋಗ ಹಾಗಲ್ಲ. ಬದಲಾದ ಬಣ್ಣವನ್ನು ಮರಳಿ ತರಬಹುದು, ಮತ್ತೆ ಬದಲಿಸಬಹುದು. ಹಳೆಯ ಬಟ್ಟೆ ತೊಡಿಸಿ, ಪತ್ರಿಕೆ ಹಾಸಿ ಕೂರಿಸಿ. ಅರಿಶಿನದ ಕಲೆ ಸುಲಭಕ್ಕೆ ಬಿಡುವುದಿಲ್ಲ.

ಮೊದಲು ಕಾಗದ ಸಿದ್ಧವಾಗಲಿ. ಒಂದು ಚಮಚ ಅರಿಶಿನ ಪುಡಿಗೆ ಮೂರ್ನಾಲ್ಕು ಚಮಚ ಬೆಚ್ಚಗಿನ ನೀರು ಬೆರೆಸಿ. ಡ್ರಾಯಿಂಗ್ ಹಾಳೆಗೆ ಹತ್ತಿಯಿಂದ ಸವರಿ ನೆರಳಿನಲ್ಲಿ ಒಣಗಿಸಿ. ನುಣುಪು ಹಾಳೆ ಬೇಡ, ಬಣ್ಣ ಹಿಡಿಯುವುದಿಲ್ಲ. ಒಣಗಿದ ಮೇಲೆ ಪುಡಿ ಕೊಡವಿ ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ.

ಬಟ್ಟಲುಗಳಲ್ಲಿ ನಿಂಬೆರಸ, ಮಜ್ಜಿಗೆ, ಬಟ್ಟೆ ಸಾಬೂನಿನ ನೀರು, ಸೋಡಾ ಕರಗಿಸಿದ ನೀರು, ಬರಿಯ ನೀರು ಇಡಿ. ಪಟ್ಟಿಗೊಂದು ಹನಿ. ಹನಿ ಬೀಳುವ ಮೊದಲೇ ಏನಾಗಬಹುದೆಂದು ಮಕ್ಕಳು ಬರೆದಿಡಲಿ; ಉತ್ತರ ನೀವೇ ಹೇಳಿಬಿಟ್ಟರೆ ಆಟ ಕೆಟ್ಟಿತು.

ಸಾಬೂನಿನ ನೀರು ತಾಗಿದಲ್ಲಿ ಹಳದಿ ಮಾಯವಾಗಿ ಇಟ್ಟಿಗೆಗೆಂಪು ಹರಡುತ್ತದೆ. ಸೋಡಾದ್ದು ಅಷ್ಟು ಗಾಢವಲ್ಲ. ಆ ಕೆಂಪಿನ ಮೇಲೆ ನಿಂಬೆರಸ ಹಾಕಿ, ಹಳದಿ ಮರಳುತ್ತದೆ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್‌ ಅಣುವಿನಿಂದ ಸಾಬೂನು, ಸೋಡಾಗಳ ಕ್ಷಾರವು ಹೈಡ್ರೋಜನ್ ಅಯಾನನ್ನು (ವಿದ್ಯುದಂಶ ಹೊತ್ತ ಕಣವನ್ನು) ಕಿತ್ತುಕೊಳ್ಳುತ್ತದೆ. ಆಗ ಅಣು ಹೀರುವ ಬೆಳಕೇ ಬದಲಾಗಿ ನಮಗೆ ಕೆಂಪು ಕಾಣುತ್ತದೆ. ನಿಂಬೆರಸದ ಆಮ್ಲ ಆ ಅಯಾನನ್ನು ಹಿಂದಿರುಗಿಸುತ್ತದೆ. ಅರಿಶಿನದ ನೀರಿಗೆ ಸುಣ್ಣ ಹಾಕಿ ಆರತಿಗೆ ಓಕುಳಿ ಮಾಡುವುದರ ಹಿಂದಿರುವುದೂ ಇದೇ ರಸಾಯನಶಾಸ್ತ್ರ. ಸುಣ್ಣ ಬಳಸುವುದಾದರೆ ಮಾತ್ರ ದೊಡ್ಡವರ ಕೈಯಲ್ಲೇ ಇರಲಿ, ಕಣ್ಣಿಗೆ ಸಿಡಿದರೆ ಅಪಾಯ.

ಪಾತ್ರೆ ತೊಳೆಯುವ ಕೆಲವು ದ್ರವಗಳಿಗೆ ಪಟ್ಟಿ ಜಗ್ಗುವುದಿಲ್ಲ. ಪ್ರಯೋಗ ಕೆಟ್ಟಿತೆಂದಲ್ಲ, ಆ ದ್ರವದಲ್ಲಿ ಕ್ಷಾರ ಸಾಲದು ಎಂದರ್ಥ.

ನಿಂಬೆರಸ, ಮಜ್ಜಿಗೆ, ನೀರು ಮೂರಕ್ಕೂ ಪಟ್ಟಿ ಹಳದಿಯೇ. ಆಮ್ಲವನ್ನು ಗುರುತಿಸುವುದು ಅರಿಶಿನಕ್ಕೆ ಆಗದ ಕೆಲಸ. ಅದಕ್ಕೆ ಕೆಂಪು ದಾಸವಾಳ ಬೇಕು. ನಾಲ್ಕೈದು ಹೂವಿನ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿ. ಆ ನೀರು ನಿಂಬೆರಸಕ್ಕೆ ಕೆಂಪೇರುತ್ತದೆ, ಸಾಬೂನಿನ ನೀರಿಗೆ ಹಸಿರಾಗುತ್ತದೆ.

ಉಳಿದ ಅರಿಶಿನ ಪಟ್ಟಿಯೊಂದರ ಅರ್ಧಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ ಕೆಲವು ದಿನ ಬಿಸಿಲಿಗಿಡಿ. ತೆರೆದಿದ್ದ ಭಾಗ ಮಾಸುತ್ತದೆ. ಕರ್ಕ್ಯುಮಿನ್‌ ಬೆಳಕಿಗೆ ಒಡೆದುಹೋಗುತ್ತದೆ. ಪ್ರಯೋಗದ ವೇಳೆ ಅಂಗಿಗಾದ ಕಲೆಯನ್ನೂ ಒಗೆದು ಬಿಸಿಲಿಗೇ ಹಾಕಿ.