ಇಕೋ ಬಟನ್: ಎಲ್ಲಿ ಒತ್ತಬೇಕು, ಎಲ್ಲಿ ತೆಗೆಯಬೇಕು?

ಗದಗದಿಂದ ಲಕ್ಷ್ಮೇಶ್ವರಕ್ಕೆ ಹೊರಟಿದ್ದೆವು. ಮುಂದೆ ಉಳ್ಳಾಗಡ್ಡಿ ಹೇರಿಕೊಂಡ ಟ್ರ್ಯಾಕ್ಟರ್. ಎದುರಿಗೆ ರಸ್ತೆ ಖಾಲಿ ಕಂಡಿತು, ಬಲಕ್ಕೆ ಬಂದು ಎಕ್ಸಲರೇಟರ್ ಒತ್ತಿದೆ, ಗಾಡಿ ಏಳಲೇ ಇಲ್ಲ. ಪಕ್ಕದಲ್ಲಿದ್ದ ಕಾಕಾ "ಏನೋ ಇದು, ಗಾಡಿ ಎಳೀವಲ್ದಲ್ಲೋ!" ಅಂದರು. ಅಷ್ಟರಲ್ಲಿ ದೂರದಲ್ಲಿ ಲಾರಿ ಕಾಣಿಸಿತು, ತೆಪ್ಪಗೆ ಟ್ರ್ಯಾಕ್ಟರ್ ಹಿಂದೆಯೇ ಸೇರಿಕೊಂಡೆ. ಆಮೇಲೆ ನೋಡಿದರೆ ಪೆಟ್ರೋಲ್ ಉಳಿಸುವ ಇಕೋ ಮೋಡ್ ಆನ್ ಇತ್ತು. ಊರೊಳಗೆ ಒತ್ತಿದ್ದು, ತೆಗೆಯಲು ಮರೆತಿದ್ದೆ.

ತಪ್ಪು ಗಾಡಿಯದ್ದಲ್ಲ, ನನ್ನದು. ಈಗಿನ ಕಾರುಗಳಲ್ಲಿ ಪೆಡಲ್‌ನಿಂದ ಇಂಜಿನ್‌ಗೆ ಕೇಬಲ್ ಇರುವುದಿಲ್ಲ. ನೀವು ಎಷ್ಟು ಒತ್ತಿದಿರಿ ಅಂತ ಒಂದು ಸೆನ್ಸರ್ ಕಂಪ್ಯೂಟರಿಗೆ ಹೇಳುತ್ತದೆ, ಎಷ್ಟು ಕೊಡಬೇಕು ಅನ್ನುವುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಇಕೋ ಒತ್ತಿದರೆ ಅದು ಸಣ್ಣ ಸೌಟಿನಲ್ಲಿ ಬಡಿಸಲು ಶುರು ಮಾಡುತ್ತದೆ. ಜಾಸ್ತಿ ಬೇಕಾದರೆ ಜಾಸ್ತಿ ಒತ್ತಬೇಕು. ಆಟೋಮ್ಯಾಟಿಕ್ ಗಾಡಿಯಾದರೆ ಮೇಲಿನ ಗೇರಿಗೆ ಬೇಗ ಹೋಗುತ್ತದೆ, ಇಂಜಿನ್ ಕಡಿಮೆ ಸುತ್ತುತ್ತದೆ. ಕೆಲವು ಕಾರುಗಳಲ್ಲಿ ಎಸಿಯ ಜೋರೂ ಇಳಿಯುತ್ತದೆ, ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ನಿಂತಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ಮೊದಲು ನಿಮ್ಮ ಗಾಡಿಯಲ್ಲಿ ಇರುವುದು ಏನು ಅಂತ ನೋಡಿಕೊಳ್ಳಿ. ಬಟನ್ ಅಥವಾ ತಿರುಗಿಸುವ ನಾಬ್ ಇದ್ದರೆ ಅದು ಮೋಡ್. ಬಟನ್ ಇಲ್ಲದೆ ಓಡಿಸುವಾಗ ಹಸಿರು ದೀಪ ಮಾತ್ರ ಬಂದು ಹೋಗುತ್ತಿದ್ದರೆ ಅದು ಸುಮ್ನೆ ಸೂಚನೆ, "ಈಗ ಹಗುರವಾಗಿ ಓಡಿಸ್ತಿದ್ದೀರಿ" ಅನ್ನುತ್ತದೆ ಅಷ್ಟೇ. ಎಷ್ಟೋ ಜನ ಆ ದೀಪವನ್ನೇ ಇಕೋ ಮೋಡ್ ಅಂದುಕೊಂಡಿರುತ್ತಾರೆ.

ಆಮೇಲೆ ಕಾಲಿಗೆ ಪರಿಚಯ ಮಾಡಿಸಿ. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ, ಉಣಕಲ್ ಕೆರೆ ದಾಟಿ ನವನಗರದ ಕಡೆ ಹೋಗುತ್ತಾ, ಪೆಡಲನ್ನು ಒಂದೇ ಅಳತೆಯಲ್ಲಿ ಹಿಡಿದು ಒಮ್ಮೆ ಇಕೋದಲ್ಲಿ, ಒಮ್ಮೆ ನಾರ್ಮಲ್‌ನಲ್ಲಿ ಹೋಗಿ ನೋಡಿ. ವ್ಯತ್ಯಾಸ ಅಂಗಾಲಿಗೇ ತಿಳಿಯುತ್ತದೆ. ಪೂರ್ತಿ ಒತ್ತಿದರೆ ಎಷ್ಟೋ ಗಾಡಿಗಳು ಇಕೋ ಮರೆತು ಪೂರಾ ಶಕ್ತಿ ಕೊಡುತ್ತವೆ. ನಿಮ್ಮದು ಹಾಗೆ ಮಾಡುತ್ತದೋ ಇಲ್ಲವೋ ಕೈಪಿಡಿಯಲ್ಲಿ ಓದಿಕೊಳ್ಳಿ, ಲಾರಿ ಎದುರಿಗೆ ಬಂದಾಗ ಅಲ್ಲ.

ಇನ್ನು ಎಲ್ಲಿ ಒತ್ತಬೇಕು? ನಿಂತು ನಿಂತು ಹೋಗುವ ಕಡೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್, ಬಿಆರ್‌ಟಿಎಸ್ ಬಸ್ಸು ತನಗೇ ಮೀಸಲಾದ ದಾರಿಯಲ್ಲಿ ಸುಂಯ್ ಅಂತ ಹೋಗುತ್ತದೆ, ನಾವು ಸಿಗ್ನಲ್‌ನಿಂದ ಸಿಗ್ನಲ್‌ಗೆ ಜಿಗಿದು ಬ್ರೇಕ್ ಹಾಕುತ್ತೇವೆ. ಆ ಜಿಗಿತವನ್ನು ಇಕೋ ತಗ್ಗಿಸುತ್ತದೆ, ಉಳಿತಾಯ ಬರುವುದು ಅಲ್ಲಿ. ಈಗಾಗಲೇ ಹಗುರ ಕಾಲಿನವರಾದರೆ ನಿಮಗೆ ಹೆಚ್ಚೇನೂ ಸಿಗುವುದಿಲ್ಲ. ಓವರ್‌ಟೇಕ್ ಇರುವ ಎರಡು ಲೇನಿನ ರಸ್ತೆ, ಘಾಟ್ ಏರು, ಐದು ಜನ ಮತ್ತು ಡಿಕ್ಕಿ ತುಂಬ ಸಾಮಾನು, ಇಲ್ಲೆಲ್ಲ ತೆಗೆದುಬಿಡಿ.

ಹಾವೇರಿ ಕಡೆ ಹೈವೇಯಲ್ಲಿ 100ರಲ್ಲಿ ಹೋಗುತ್ತಾ ಇಕೋ ಇದೆಯಲ್ಲ ಅಂತ ನೆಮ್ಮದಿಯಾಗಿರುವವರಿಗೆ ಒಂದು ಲೆಕ್ಕ. ಗಾಳಿಯ ತಡೆ ವೇಗದ ವರ್ಗದಂತೆ, ಅಂದರೆ ವೇಗವನ್ನು ಅದರಿಂದಲೇ ಗುಣಿಸಿದ ಲೆಕ್ಕದಲ್ಲಿ, ಏರುತ್ತದೆ. 80ರಲ್ಲಿ ಇದ್ದದ್ದು 100ಕ್ಕೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಅದನ್ನು ಯಾವ ಬಟನ್ನೂ ಇಳಿಸುವುದಿಲ್ಲ, ಕಾಲು ಮಾತ್ರ ಇಳಿಸುತ್ತದೆ.

ಇನ್ನೊಂದು ಚಟ ಬಿಡಬೇಕು. ಅಂಕೋಲಾ ರಸ್ತೆಯ ಅರಬೈಲ್ ಘಾಟ್ ಇಳಿಯುವಾಗ ಪೆಟ್ರೋಲ್ ಉಳೀತದ ಅಂತ ನ್ಯೂಟ್ರಲ್‌ಗೆ ಹಾಕುವವರು ನಮ್ಮಲ್ಲಿ ಇನ್ನೂ ಇದ್ದಾರೆ, ನಮ್ಮ ಕಾಕಾನೇ ಒಬ್ಬರು. ಹಳೇ ಕಾರ್ಬ್ಯುರೇಟರ್ ಕಾಲದ ಬುದ್ಧಿ ಅದು. ಈಗಿನ ಇಂಜಿನ್‌ನಲ್ಲಿ ಗೇರಲ್ಲೇ ಬಿಟ್ಟು ಎಕ್ಸಲರೇಟರ್‌ನಿಂದ ಕಾಲು ತೆಗೆದರೆ ಗಾಲಿಗಳೇ ಇಂಜಿನ್ ತಿರುಗಿಸುತ್ತವೆ, ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ತಾನೇ ಉರಿಯಬೇಕು, ಅದಕ್ಕೆ ಪೆಟ್ರೋಲ್ ಬೇಕು. ಮೇಲಾಗಿ ಇಂಜಿನ್‌ನ ಹಿಡಿತವಿಲ್ಲದೆ ಎಲ್ಲ ಭಾರ ಬ್ರೇಕ್ ಮೇಲೆ.

ಉಳಿಯಿತೋ ಇಲ್ಲವೋ ನೋಡಲು ಪರದೆಯ ಅಂಕಿ ನಂಬಿ ಕೂರಬೇಡಿ. ಬಂಕಿನಲ್ಲಿ ನಾಝಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಟ್ಯಾಂಕ್ ಮುಕ್ಕಾಲು ಖಾಲಿಯಾದಾಗ ಅದೇ ಬಂಕಿನಲ್ಲಿ ಹಾಗೇ ತುಂಬಿಸಿ. 450 ಕಿಲೋಮೀಟರ್ ಓಡಿ 25 ಲೀಟರ್ ಹಿಡಿದರೆ 18ರ ಮೈಲೇಜ್. ಒಂದೇ ಸಲ ಹುಬ್ಬಳ್ಳಿಯಿಂದ ಗದಗಕ್ಕೆ ಹೋಗಿ ಬಂದು ಲೆಕ್ಕ ಹಾಕಬೇಡಿ: ಆರೇಳು ಲೀಟರಿಗೆ ಅರ್ಧ ಲೀಟರ್ ಹೆಚ್ಚುಕಡಿಮೆ ಆದರೂ ಲೆಕ್ಕ ಕೆಡುತ್ತದೆ, ಜೊತೆಗೆ ಆ ಕಡೆ ಗಾಳಿಯಂತ್ರಗಳನ್ನು ಸುಮ್ನೆ ನೆಟ್ಟಿಲ್ಲ, ಎದುರುಗಾಳಿ ಬಿದ್ದರೆ ಮೈಲೇಜ್ ಇಳಿಯುತ್ತದೆ. ಎರಡು ಟ್ಯಾಂಕ್ ಇಕೋದಲ್ಲಿ, ಎರಡು ನಾರ್ಮಲ್‌ನಲ್ಲಿ ಓಡಿಸಿ, ನಾಲ್ಕೂ ಸಲ ಟೈರಿನ ಗಾಳಿ ಒಂದೇ ಇರಲಿ.

ಕೆಲವು ಗಾಡಿಗಳು ಇಂಜಿನ್ ಆರಿಸಿದ ಮೇಲೂ ಹಿಂದಿನ ಮೋಡ್ ನೆನಪಿಟ್ಟುಕೊಳ್ಳುತ್ತವೆ, ಕೆಲವು ನಾರ್ಮಲ್‌ಗೆ ಮರಳುತ್ತವೆ. ನನ್ನದು ನೆನಪಿಟ್ಟುಕೊಳ್ಳುವ ಜಾತಿ. ಈಗ ಊರು ದಾಟುವಾಗ ಕಾಕಾನೇ "ಅದನ್ನ ತಗದಿಯೇನೋ?" ಅಂತ ಕೇಳುತ್ತಾರೆ.