ಕರೆಂಟಿಲ್ಲದ ತೋಟದ ಮನೆಗೆ ಮಡಕೆ ಫ್ರಿಜ್

ಕರೆಂಟಿಲ್ಲದ ತೋಟದ ಮನೆಯಲ್ಲಿ ದೀಪಕ್ಕೆ, ಮೊಬೈಲ್ ಚಾರ್ಜಿಗೆ ಸಣ್ಣ ಸೋಲಾರ್ ಪ್ಯಾನಲ್ ಸಾಕು. ಕಾಡುವುದು ಫ್ರಿಜ್ಜಿನ ಕೊರತೆ. ಸೊಪ್ಪು, ತರಕಾರಿಯ ಮಟ್ಟಿಗೆ ಎರಡು ಮಡಕೆ ಅದನ್ನು ನೀಗಿಸುತ್ತವೆ. ನೈಜೀರಿಯಾದ ಮೊಹಮ್ಮದ್ ಬಾ ಅಬ್ಬಾ 1990ರ ದಶಕದಲ್ಲಿ ಜನಪ್ರಿಯಗೊಳಿಸಿದ ವಿಧಾನವಿದು. ತತ್ತ್ವ ಮಾತ್ರ ನಮ್ಮ ನೀರಿನ ಮಡಕೆಯದೇ.

45 ಸೆಂ.ಮೀ. ಬಾಯಗಲದ ಒಂದು ಮಡಕೆ, ಅದರೊಳಗೆ ಸುತ್ತಲೂ 3ರಿಂದ 5 ಸೆಂ.ಮೀ. ಸಂದು ಬಿಟ್ಟು ಕೂರುವ ಇನ್ನೊಂದು ಬೇಕು. ಮಣ್ಣಿನ ಹೂಕುಂಡವೂ ಆದೀತು, ತಳದ ತೂತಿಗೆ ಸಿಮೆಂಟ್ ಮೆತ್ತಿ. ಹೊರಗಿನದಕ್ಕೆ ಬಣ್ಣ ಬಳಿದಿರಬಾರದು. ನೀರು ಜಿನುಗಿ ಆರಿದರಷ್ಟೇ ತಂಪು.

ತಳಕ್ಕೆ ತೊಳೆದ ಮರಳು ಹಾಕಿ, ಎರಡರ ಬಾಯಿಯೂ ಒಂದೇ ಮಟ್ಟಕ್ಕೆ ಬರುವಂತೆ ಒಳಮಡಕೆ ಇಡಿ. ಸಂದಿಗೂ ಮರಳು ತುಂಬಿ, ಮೇಲೆ ಎರಡು ಬೆರಳಷ್ಟು ಬಿಡಿ. ಮರಳು ಪೂರ್ತಿ ನೆನೆಯುವವರೆಗೆ ನೀರು ಹನಿಸಿ, ಒದ್ದೆ ಗೋಣಿತಟ್ಟು ಹೊದಿಸಿ. ಮೂರು ಇಟ್ಟಿಗೆ ಮೇಲೆ, ಗಾಳಿಯಾಡುವ ನೆರಳಿನಲ್ಲಿರಲಿ. ಬೆಳಿಗ್ಗೆ, ಸಂಜೆ ನೀರುಣಿಸಿ. ತರಕಾರಿಯನ್ನು ಒರೆಸಿಯೇ ಒಳಗಿಡಿ, ಒದ್ದೆಯಿದ್ದರೆ ಕೊಳೆಯುತ್ತದೆ.

ಕೆಲವು ತಿಂಗಳಲ್ಲಿ ತಂಪು ಕಡಿಮೆಯಾಯಿತೇ? ಬೋರ್‌ವೆಲ್ಲಿನ ಗಡಸು ನೀರಿನ ಬಿಳಿ ಉಪ್ಪು ರಂಧ್ರ ಕಟ್ಟಿರುತ್ತದೆ. ನಿಂಬೆರಸ ಹಚ್ಚಿ ತೆಂಗಿನ ನಾರಿನಿಂದ ಉಜ್ಜಿ. ಮಳೆನೀರು ಬಳಸಿದರೆ ಈ ಕಾಟವೇ ಇಲ್ಲ.

ರಾಯಚೂರಿನ ಒಣ ಬೇಸಿಗೆಗೆ ಇದು ಹೇಳಿ ಮಾಡಿಸಿದ್ದು. ಮಂಗಳೂರಿನ ಮಳೆಗಾಲದಲ್ಲಿ ನೀರೇ ಆರದ್ದರಿಂದ ದಂಡ. ಹಾಲು, ಮಾಂಸ, ಮಿಕ್ಕ ಸಾರನ್ನಂತೂ ಇದನ್ನು ನಂಬಿ ಇಡಬೇಡಿ.